ತುಕ್ಕು ಹಿಡಿಯದ ಸೋಯಾಬೀನ್: ಒಂದು ತಳಿ ಹುಟ್ಟುವ ಲೆಕ್ಕ

ತುಕ್ಕು ಅಂದ ತಕ್ಷಣ ನಮ್ಮಲ್ಲಿ ಮೆಕ್ಯಾನಿಕಲ್‌ನವರಿಗೆ ಕಬ್ಬಿಣ ನೆನಪಾಗುತ್ತೆ, ಉಳಿದವರಿಗೆ ಮೊದಲ ವರ್ಷದ ಕೆಮಿಸ್ಟ್ರಿಯ ಕೊರೋಷನ್ ಪಾಠ. ಆದರೆ ಬೆಳಗಾವಿ, ಧಾರವಾಡ, ಬೀದರ್ ಕಡೆಯ ಗೆಳೆಯರಿಗೆ ಇನ್ನೊಂದು ತುಕ್ಕು ಗೊತ್ತಿರುತ್ತೆ. ಶ್ರಾವಣ ಮುಗಿಯೋ ಹೊತ್ತಿಗೆ ಹಸಿರಾಗಿ ತುಂಬಿ ನಿಂತ ಸೋಯಾಬೀನ್ ಹೊಲ, ಎರಡು ಮೂರು ವಾರದಲ್ಲಿ ಹಳದಿಯಾಗಿ, ಕಂದಾಗಿ, ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತೆ. ಕಾಯಿ ಇರುತ್ತೆ, ಒಳಗೆ ಕಾಳು ತುಂಬಿರಲ್ಲ. ಅದೂ ತುಕ್ಕೇ.

ಈ ತುಕ್ಕನ್ನು ತಡೆಯುವ ತಳಿಯನ್ನು ಹೇಗೆ ಮಾಡ್ತಾರೆ ಅನ್ನೋದು ಈ ಲೇಖನದ ವಿಷಯ. ಇದು ಕೃಷಿ ಕಾಲೇಜಿನವರ ಪಾಠ, ನಮಗೇಕೆ ಅಂತ ಕೇಳಬಹುದು. ನಾವು ಓದುತ್ತಾ ಹೋದಂತೆ ಇದರಲ್ಲಿ ಸಿಕ್ಕಿದ್ದು ಪ್ರಾಬಬಿಲಿಟಿ, ರೆಡಂಡೆನ್ಸಿ, ಘಾತೀಯ ಬೆಳವಣಿಗೆ. ಎಲ್ಲಾ ನಮ್ಮ ಸಿಲಬಸ್‌ನಲ್ಲೇ ಇರುವ ವಿಷಯಗಳು. ವ್ಯತ್ಯಾಸ ಇಷ್ಟೇ, ಇಲ್ಲಿ ಡಿಸೈನ್ ಫೇಲ್ ಆದರೆ ಒಬ್ಬ ರೈತನ ಮುಂಗಾರು ಹೋಗುತ್ತೆ.

1. ಇದು ಎಂಥ ತುಕ್ಕು?

ಕಬ್ಬಿಣದ ತುಕ್ಕು ಒಂದು ರಾಸಾಯನಿಕ ಕ್ರಿಯೆ. ಗಿಡದ ತುಕ್ಕು ಒಂದು ಜೀವಿ. ಸೋಯಾಬೀನ್‌ಗೆ ಬರುವುದು ಫಕಾಪ್ಸೊರಾ ಪ್ಯಾಕಿರೈಜಿ ಎಂಬ ಶಿಲೀಂಧ್ರ. ಎಲೆಯ ಕೆಳಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ಒಡೆದಾಗ ಕಂದು ಬಣ್ಣದ ಪುಡಿ ಹೊರಬೀಳುತ್ತೆ. ಕೈಯಲ್ಲಿ ಉಜ್ಜಿದರೆ ಬೆರಳಿಗೆ ತುಕ್ಕಿನ ಬಣ್ಣ ಅಂಟುತ್ತೆ, ಹೆಸರು ಬಂದದ್ದು ಅದಕ್ಕೇ. ಆ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಗಾಳಿಯಲ್ಲಿ ಹಾರಿ ಇನ್ನೊಂದು ಎಲೆಯ ಮೇಲೆ ಕೂತು, ಆರು ಗಂಟೆಗೂ ಹೆಚ್ಚು ಹೊತ್ತು ಎಲೆ ಒದ್ದೆ ಇದ್ದರೆ, ತಾಪಮಾನ 15ರಿಂದ 28 ಡಿಗ್ರಿ ಒಳಗಿದ್ದರೆ, ಅದು ಮೊಳೆಯುತ್ತೆ. ಮೋಡ ಕವಿದ, ಜಿಟಿಜಿಟಿ ಮಳೆಯ ಆಗಸ್ಟ್, ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಅದಕ್ಕೆ ಹೇಳಿ ಮಾಡಿಸಿದ ಹವಾಮಾನ.

ಉಳಿದ ಬಹುತೇಕ ತುಕ್ಕು ಶಿಲೀಂಧ್ರಗಳ ಇಂಥ ಬೀಜಾಣುಗಳು ಎಲೆಯ ಉಸಿರಾಟದ ರಂಧ್ರ ಹುಡುಕಿಕೊಂಡು ಒಳಗೆ ಹೋಗುತ್ತವೆ. ಇದು ಹಾಗಲ್ಲ. ಎಲೆಯ ಮೇಲ್ಪದರಕ್ಕೆ ಅಂಟಿಕೊಂಡು, ಒತ್ತಡ ಹಾಕಿ, ನೇರವಾಗಿ ಚರ್ಮವನ್ನೇ ಕೊರೆದು ಒಳಗೆ ಇಳಿಯುತ್ತೆ. ಬಾಗಿಲು ಹುಡುಕುವ ಕಳ್ಳ ಅಲ್ಲ, ಗೋಡೆಗೆ ಕನ್ನ ಹಾಕುವ ಕಳ್ಳ.

ಇನ್ನೊಂದು ಮುಖ್ಯ ಗುಣ: ಇದು ಜೀವಂತ ಹಸಿರು ಎಲೆ ಇಲ್ಲದೆ ಬದುಕಲ್ಲ. ಸತ್ತ ಕಸದಲ್ಲಿ ಬೆಳೆಯಲ್ಲ, ಲ್ಯಾಬಿನ ತಟ್ಟೆಯಲ್ಲಿ ಸುಲಭಕ್ಕೆ ಬೆಳೆಸೋಕೂ ಆಗಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಗಿಡದ ಪ್ರತಿತಂತ್ರ ಎಲ್ಲಾ ನಿಂತಿರೋದು ಇದರ ಮೇಲೆ.

2. ಉಗಾರದಿಂದ ಬ್ರೆಜಿಲ್‌ವರೆಗೆ

ಈ ಶಿಲೀಂಧ್ರವನ್ನು 1902ರಲ್ಲಿ ಜಪಾನ್‌ನಲ್ಲಿ ಮೊದಲು ಗುರುತಿಸಿದರು. ತುಂಬಾ ವರ್ಷ ಇದು ಏಷ್ಯಾ ಮತ್ತು ಆಸ್ಟ್ರೇಲಿಯಾದ ಸಮಸ್ಯೆಯಾಗಿಯೇ ಉಳಿದಿತ್ತು. 1990ರ ದಶಕದಲ್ಲಿ ಆಫ್ರಿಕಾದ ಉಗಾಂಡಾ, ಜಿಂಬಾಬ್ವೆ, ಜಾಂಬಿಯಾಗಳಲ್ಲಿ ಕಾಣಿಸಿತು. 2001ರಲ್ಲಿ ಪರಾಗ್ವೆ ಮತ್ತು ಬ್ರೆಜಿಲ್ ತಲುಪಿತು. 2004ರ ನವೆಂಬರ್‌ನಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಪತ್ತೆಯಾಯ್ತು. ಅದೇ ಸೆಪ್ಟೆಂಬರ್‌ನಲ್ಲಿ ಬಂದಿದ್ದ ಐವನ್ ಚಂಡಮಾರುತ ದಕ್ಷಿಣದಿಂದ ಬೀಜಾಣುಗಳನ್ನು ಹೊತ್ತು ತಂದಿರಬೇಕು ಅನ್ನೋದು ವಿಜ್ಞಾನಿಗಳ ತರ್ಕ. ಬ್ರೆಜಿಲ್ ಇವತ್ತು ಈ ಒಂದು ರೋಗದ ನಿರ್ವಹಣೆ ಮತ್ತು ನಷ್ಟಕ್ಕೆ ಒಂದು ಹಂಗಾಮಿಗೆ 200 ಕೋಟಿ ಡಾಲರ್‌ಗೂ ಹೆಚ್ಚು ತೆರುತ್ತಿದೆ.

ನಮ್ಮ ರಾಜ್ಯದಲ್ಲಿ ಈ ಕತೆಗೆ ಒಂದು ಊರಿದೆ: ಬೆಳಗಾವಿ ಜಿಲ್ಲೆಯ ಉಗಾರ ಖುರ್ದ. ಕೃಷ್ಣಾ ನದಿಯ ದಡ, ಸುತ್ತ ಕಬ್ಬು, ನೀರಾವರಿ, ತೇವ. ಇಲ್ಲಿ ತುಕ್ಕು ರೋಗ ಎಷ್ಟು ಖಚಿತವಾಗಿ ಬರುತ್ತೆ ಅಂದ್ರೆ, ತಳಿ ವಿಜ್ಞಾನಿಗಳು ಹೊಸ ತಳಿಗಳನ್ನು ಪರೀಕ್ಷೆಗೆ ಹಚ್ಚೋಕೆ ಈ ಜಾಗವನ್ನೇ ಆರಿಸಿಕೊಂಡಿದ್ದಾರೆ. ನಾವು ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ಕಂಬಿಯನ್ನು ಮುರಿಯೋವರೆಗೆ ಎಳೀತೀವಲ್ಲ, ಹಾಗೆ ಇದು ಸೋಯಾಬೀನ್‌ಗೆ ಟೆಸ್ಟಿಂಗ್ ಲ್ಯಾಬ್. ಪರೀಕ್ಷೆಯ ತಳಿಗಳ ಸಾಲುಗಳ ನಡುವೆ, ಸುತ್ತಲೂ, ಬೇಗ ರೋಗಕ್ಕೆ ತುತ್ತಾಗುವ ಜೆಎಸ್ 335 ಥರದ ತಳಿ ಬಿತ್ತುತ್ತಾರೆ. ಅದಕ್ಕೆ ಮೊದಲು ರೋಗ ಬಂದು, ಅದರಿಂದ ಪಕ್ಕದ ಸಾಲುಗಳ ಮೇಲೆ ಬೀಜಾಣುಗಳ ಮಳೆ ಆಗಬೇಕು. ಆ ಮಳೆಯಲ್ಲೂ ಹಸಿರಾಗಿ ನಿಂತ ಸಾಲು ಪಾಸ್.

3. ಔಷಧಿ ಹೊಡೆದರೆ ಸಾಲದೇ?

ಸಾಲುತ್ತೆ, ಸ್ವಲ್ಪ ದಿನ. ನಮ್ಮ ಕಡೆ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಸಿಂಪಡಣೆ ರೂಢಿಯಲ್ಲಿದೆ. ಸರಿಯಾದ ಸಮಯಕ್ಕೆ ಹೊಡೆದರೆ ಕೆಲಸ ಮಾಡುತ್ತೆ. ಆದರೆ ತೊಂದರೆಗಳು ಮೂರು.

ಮೊದಲನೆಯದು, ಸಮಯ. ರೋಗ ಬರೋದು ಕೆಳಗಿನ ಎಲೆಗಳಿಂದ. ಮೇಲಿನಿಂದ ನೋಡಿದರೆ ಹೊಲ ಹಸಿರಾಗೇ ಇರುತ್ತೆ. ಕಣ್ಣಿಗೆ ಬೀಳೋ ಹೊತ್ತಿಗೆ ಒಂದೆರಡು ತಲೆಮಾರಿನ ಬೀಜಾಣುಗಳು ಹಾರಿ ಆಗಿರುತ್ತವೆ. ಎರಡನೆಯದು, ಖರ್ಚು. ಔಷಧಿ, ಕೂಲಿ, ಪಂಪಿನ ಬಾಡಿಗೆ, ಮೇಲೆ ಮಳೆ ಬಂದು ತೊಳೆದರೆ ಮತ್ತೆ ಇನ್ನೊಂದು ಸುತ್ತು. ಮೂರನೆಯದು, ಶಿಲೀಂಧ್ರ ಔಷಧಿಗೂ ಹೊಂದಿಕೊಳ್ಳುತ್ತೆ. ಬ್ರೆಜಿಲ್‌ನಲ್ಲಿ ಮೂರು ಮುಖ್ಯ ಗುಂಪಿನ ಶಿಲೀಂಧ್ರನಾಶಕಗಳಿಗೂ ಈ ತುಕ್ಕು ಕಡಿಮೆ ಬಗ್ಗುವಂತಾಗಿದೆ. ಅದರಲ್ಲಿ ಒಂದು ಗುಂಪಿನ ವಿಷಯದಲ್ಲಿ ಆದ ಬದಲಾವಣೆ ಎಷ್ಟು ಚಿಕ್ಕದು ಅಂದ್ರೆ, ಒಂದು ಪ್ರೋಟೀನ್‌ನ 129ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದು.

ಹಾಗಾಗಿ ಬ್ರೆಜಿಲ್ ಒಂದು ವಿಚಿತ್ರ ಅನ್ನಿಸುವ ಕಾನೂನು ತಂತು. ವರ್ಷದಲ್ಲಿ 60ರಿಂದ 90 ದಿನ ಹೊಲದಲ್ಲಿ ಒಂದೇ ಒಂದು ಜೀವಂತ ಸೋಯಾಬೀನ್ ಗಿಡ ಇರಕೂಡದು. ತಾನಾಗಿ ಮೊಳೆತ ಗಿಡವನ್ನೂ ಕೀಳಬೇಕು. ಹಸಿರು ಎಲೆ ಇಲ್ಲದೆ ಈ ಶಿಲೀಂಧ್ರ ಬದುಕಲ್ಲ ಅಂದೆವಲ್ಲ, ಆ ಗುಣವನ್ನೇ ಹಿಡಿದು ಮಾಡಿದ ನಿಯಮ ಇದು. ರೋಗ ಪೂರ್ತಿ ಹೋಗಲ್ಲ, ಬೇರೆ ದ್ವಿದಳ ಗಿಡಗಳಲ್ಲಿ ಉಳಿದುಕೊಂಡಿರುತ್ತೆ, ಆದರೆ ಬರೋದು ತಡವಾಗುತ್ತೆ.

ಇಷ್ಟೆಲ್ಲಾ ಆದ ಮೇಲೆ ಉಳಿಯೋ ದಾರಿ: ಗಿಡವೇ ತಡೆಯುವಂತೆ ಮಾಡುವುದು. ಬೀಜದ ಜೊತೆಗೇ ಬರುವ ರಕ್ಷಣೆಗೆ ರೈತ ಪ್ರತಿ ಸಲ ದುಡ್ಡು ಕೊಡಬೇಕಿಲ್ಲ.

4. ಗಿಡ ಹೇಗೆ ತಡೆಯುತ್ತೆ?

ಗಿಡಕ್ಕೆ ನಮ್ಮ ಹಾಗೆ ರಕ್ತ ಇಲ್ಲ, ಓಡಾಡುವ ಬಿಳಿ ರಕ್ತಕಣ ಇಲ್ಲ. ಪ್ರತಿ ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಶಿಲೀಂಧ್ರ ಒಳಗೆ ಬಂದು ಜೀವಕೋಶದ ವ್ಯವಸ್ಥೆಯನ್ನು ತನಗೆ ಬೇಕಾದಂತೆ ತಿರುಗಿಸೋಕೆ ಕೆಲವು ಪ್ರೋಟೀನ್‌ಗಳನ್ನು ಬಿಡುತ್ತೆ. ಕೆಲವು ಗಿಡಗಳಲ್ಲಿ ಆ ಪ್ರೋಟೀನ್‌ಗಳನ್ನು ಗುರುತು ಹಿಡಿಯುವ ಕಾವಲುಗಾರ ಪ್ರೋಟೀನ್ ಇರುತ್ತೆ. ಗುರುತು ಸಿಕ್ಕ ಕೂಡಲೇ ಆ ಜೀವಕೋಶ ಏನು ಮಾಡುತ್ತೆ ಗೊತ್ತಾ? ತಾನೇ ಸಾಯುತ್ತೆ, ಸುತ್ತಲಿನ ಕೆಲವನ್ನೂ ಸಾಯಿಸುತ್ತೆ.

ಕೇಳೋಕೆ ಹುಚ್ಚುತನ ಅನ್ನಿಸಬಹುದು. ಆದರೆ ಶತ್ರು ಬದುಕೋದು ಜೀವಂತ ಜೀವಕೋಶದಲ್ಲಿ ಮಾತ್ರ. ಸತ್ತ ಜೀವಕೋಶದಲ್ಲಿ ಅದು ಉಪವಾಸ ಬೀಳುತ್ತೆ. ಶಾರ್ಟ್ ಸರ್ಕ್ಯೂಟ್ ಆದಾಗ ಫ್ಯೂಸ್ ತಾನು ಸುಟ್ಟು ಮನೆ ಉಳಿಸುತ್ತಲ್ಲ, ಅದೇ ತತ್ವ.

ಎಲೆ ನೋಡಿದರೆ ಈ ಜಗಳದ ಫಲಿತಾಂಶ ಓದಬಹುದು. ಮಚ್ಚೆ ತಿಳಿಕಂದು ಬಣ್ಣ ಇದ್ದು, ತುಂಬಾ ಪುಡಿ ಉದುರಿಸುತ್ತಿದ್ದರೆ ಗಿಡ ಸೋತಿದೆ. ಮಚ್ಚೆ ಕೆಂಪುಕಂದು ಬಣ್ಣ ಇದ್ದು, ಪುಡಿ ಸ್ವಲ್ಪವೇ ಅಥವಾ ಇಲ್ಲವೇ ಇಲ್ಲ ಅಂದ್ರೆ ಗಿಡ ತಡೆದಿದೆ, ಫ್ಯೂಸ್ ಹಾರಿದೆ. ಮಚ್ಚೆಯೇ ಕಾಣದಿದ್ದರೆ ಪೂರ್ಣ ನಿರೋಧ.

ಕಾವಲುಗಾರ ಜೀನ್‌ಗೆ ಶತ್ರುವಿನ ಒಂದು ನಿರ್ದಿಷ್ಟ ಜೀನ್ ಜೋಡಿ ಅನ್ನೋದನ್ನು ಅಗಸೆ ಗಿಡದ ತುಕ್ಕಿನ ಮೇಲೆ ಕೆಲಸ ಮಾಡಿ ತೋರಿಸಿದವರು ಅಮೆರಿಕದ ಹೆರಾಲ್ಡ್ ಫ್ಲೋರ್, 1940ರ ದಶಕದಲ್ಲಿ. ಬೀಗ ಮತ್ತು ಕೀಲಿಯ ಹಾಗೆ. ಸೋಯಾಬೀನ್‌ನಲ್ಲಿ ತುಕ್ಕಿನ ವಿರುದ್ಧ ಹೆಸರು ಪಡೆದ ಮುಖ್ಯ ಜೀನ್‌ಗಳು ಏಳು: ಆರ್‌ಪಿಪಿ1ರಿಂದ ಆರ್‌ಪಿಪಿ7ರವರೆಗೆ. ಜಗತ್ತಿನ ಬೇರೆ ಬೇರೆ ಕಡೆಯಿಂದ ಸಂಗ್ರಹಿಸಿದ ಹಳೆಯ ಬೀಜಗಳಲ್ಲಿ ಇವು ಸಿಕ್ಕಿದವು. ಆರ್‌ಪಿಪಿ3 ಸಿಕ್ಕ ಮೂಲದ ಹೆಸರು 'ಅಂಕುರ್', ಅದು ಭಾರತದ ತಳಿ!

5. ಚಿಮಟದ ಕೆಲಸ

ಈಗ ಸಮಸ್ಯೆ ಇದು. ಜೀನ್ ಇರುವ ಗಿಡ ಇದೆ, ಆದರೆ ಅದು ಇಳುವರಿ ಕಡಿಮೆ ಕೊಡುತ್ತೆ, ಅಥವಾ ತಡವಾಗಿ ಕೊಯ್ಲಿಗೆ ಬರುತ್ತೆ. ಇನ್ನೊಂದೆಡೆ ಜೆಎಸ್ 335 ಇದೆ. ಮಧ್ಯಪ್ರದೇಶದಲ್ಲಿ ರೂಪುಗೊಂಡು 1994ರಲ್ಲಿ ಬಿಡುಗಡೆಯಾದ ತಳಿ, ಸುಮಾರು 95 ದಿನಕ್ಕೆ ಕೊಯ್ಲು, ರೈತರಿಗೆ ಅಚ್ಚುಮೆಚ್ಚು, ಆದರೆ ತುಕ್ಕಿಗೆ ಬೇಗ ಬಲಿ. ಮೊದಲನೆಯದರ ಒಂದು ಗುಣ ಮಾತ್ರ ಎರಡನೆಯದಕ್ಕೆ ಬರಬೇಕು.

ಅದಕ್ಕೆ ಎರಡನ್ನೂ ಕೂಡಿಸಬೇಕು, ಅಂದ್ರೆ ಸಂಕರಣ. ಸೋಯಾಬೀನ್ ಸ್ವಕೀಯ ಪರಾಗಸ್ಪರ್ಶದ ಗಿಡ. ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿದಿರುತ್ತೆ. ಹಾಗಾಗಿ ಅರಳುವ ಹಿಂದಿನ ದಿನದ ಮೊಗ್ಗು ಹಿಡಿದು, ಚಿಮಟದಿಂದ ಎಸಳು ಬಿಡಿಸಿ, ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಶಲಾಕೆಗೆ ತಾಗಿಸಬೇಕು. ಮೊಗ್ಗಿನ ಗಾತ್ರ ಕೆಲವೇ ಮಿಲಿಮೀಟರ್. ಸ್ವಲ್ಪ ಕೈ ತಪ್ಪಿದರೆ ಮೊಗ್ಗೇ ಉದುರುತ್ತೆ. ಕೂಡಿಕೊಂಡ ಪ್ರತಿ ಹೂವಿಗೆ ಸಿಗೋದು ಎರಡೋ ಮೂರೋ ಕಾಳು.

ಸಿಕ್ಕ ಕಾಳು ನಿಜಕ್ಕೂ ಸಂಕರಣದ್ದೇ, ಅಥವಾ ಗಿಡ ತನ್ನ ಪರಾಗದಿಂದಲೇ ಕಟ್ಟಿದ್ದೇ? ಇದಕ್ಕೆ ಒಂದು ಸುಲಭ ಉಪಾಯ ಇದೆ. ಸೋಯಾಬೀನ್ ಹೂವು ಬಿಳಿ ಇಲ್ಲವೇ ನೇರಳೆ, ನೇರಳೆ ಬಣ್ಣ ಪ್ರಬಲ ಗುಣ. ತಾಯಿ ಗಿಡವಾಗಿ ಬಿಳಿ ಹೂವಿನದನ್ನು, ತಂದೆಯಾಗಿ ನೇರಳೆಯದನ್ನು ತೆಗೆದುಕೊಂಡರೆ, ಮುಂದಿನ ಪೀಳಿಗೆಯಲ್ಲಿ ನೇರಳೆ ಹೂ ಬಿಟ್ಟ ಗಿಡ ಅಸಲಿ ಸಂಕರ. ಬಿಳಿ ಬಿಟ್ಟರೆ ಕಿತ್ತು ಹಾಕಿ. ಯಾವ ಯಂತ್ರವೂ ಬೇಡದ ಪ್ಯಾರಿಟಿ ಚೆಕ್.

6. ಲೆಕ್ಕ ಒಂದು: ಎಷ್ಟು ಸಲ ಕೂಡಿಸಬೇಕು, ಎಷ್ಟು ಗಿಡ ಬೇಕು?

ಮೊದಲ ಸಂಕರದಲ್ಲಿ ಅರ್ಧ ಜೆಎಸ್ 335, ಅರ್ಧ ದಾನಿ ತಳಿ. ಅದನ್ನು ಮತ್ತೆ ಜೆಎಸ್ 335 ಜೊತೆಗೇ ಕೂಡಿಸಿದರೆ ಜೆಎಸ್ 335ರ ಪಾಲು ಸರಾಸರಿ ಮುಕ್ಕಾಲು. ಇದನ್ನೇ ಬ್ಯಾಕ್‌ಕ್ರಾಸ್ ಅನ್ನೋದು. ಪ್ರತಿ ಸಲವೂ ದಾನಿಯ ಪಾಲು ಅರ್ಧಕ್ಕೆ ಇಳಿಯುತ್ತೆ:

ಮೊದಲ ಸಂಕರ: 50 ಶೇಕಡಾ
1ನೇ ಬ್ಯಾಕ್‌ಕ್ರಾಸ್: 75
2ನೆಯದು: 87.5
3ನೆಯದು: 93.75
4ನೆಯದು: 96.875

ಸಮಸ್ಯೆ ಏನಂದ್ರೆ, ದಾನಿಯ ಪಾಲು ಇಳಿಯುವಾಗ ನಮಗೆ ಬೇಕಾದ ಜೀನ್ ಕೂಡ ಕಳೆದುಹೋಗಬಹುದು. ಪ್ರತಿ ಬ್ಯಾಕ್‌ಕ್ರಾಸ್‌ನಲ್ಲಿ ಅರ್ಧ ಗಿಡಗಳಿಗೆ ಮಾತ್ರ ಆ ಜೀನ್ ಬರುತ್ತೆ. ಹಾಗಾದರೆ ಕನಿಷ್ಠ ಒಂದಾದರೂ ಜೀನ್ ಇರುವ ಗಿಡ ಸಿಗುವ ಭರವಸೆ 99 ಶೇಕಡಾ ಇರಬೇಕಾದರೆ ಎಷ್ಟು ಗಿಡ ಬೆಳೆಸಬೇಕು? ಒಂದೂ ಸಿಗದಿರುವ ಸಂಭವ ಅರ್ಧದ ಘಾತ. ಏಳು ಗಿಡಕ್ಕೆ ಅದು 128ರಲ್ಲಿ 1, ಅಂದ್ರೆ ಶೇಕಡಾ ಒಂದಕ್ಕಿಂತ ಕಡಿಮೆ. ಉತ್ತರ 7.

ಈಗ ಮೂರು ಜೀನ್ ಒಟ್ಟಿಗೆ ಬೇಕು ಅನ್ನಿ. ಆರ್‌ಪಿಪಿ2, ಆರ್‌ಪಿಪಿ3, ಆರ್‌ಪಿಪಿ5 ತೆಗೆದುಕೊಳ್ಳೋಣ. ಇವು ಕ್ರಮವಾಗಿ 16, 6 ಮತ್ತು 3ನೇ ವರ್ಣತಂತುಗಳಲ್ಲಿವೆ, ಹಾಗಾಗಿ ಒಂದರ ಹಂಚಿಕೆ ಇನ್ನೊಂದಕ್ಕೆ ಸಂಬಂಧ ಇಲ್ಲ, ಸ್ವತಂತ್ರ ಘಟನೆಗಳು. ಮೂರೂ ಇರುವ ಗಿಡ 8ಕ್ಕೆ 1. ಅದೇ 99 ಶೇಕಡಾ ಭರವಸೆಗೆ 35 ಗಿಡ ಬೇಕು. ಕೊನೆಗೆ ಆ ಗಿಡವನ್ನು ಸ್ವಕೀಯವಾಗಿ ಬೆಳೆಸಿ, ಮೂರೂ ಜೀನ್‌ಗಳ ಎರಡೆರಡು ಪ್ರತಿ ಇರುವ, ಮುಂದೆ ಗುಣ ಬದಲಿಸದ ಗಿಡ ಹುಡುಕಬೇಕು. ಅದು 64ಕ್ಕೆ 1. ಭರವಸೆಗೆ 293 ಗಿಡ. ಲಾಗರಿದಮ್ ಹಾಕಿ ನೀವೇ ನೋಡಿ.

ಚಿಮಟ ಹಿಡಿದು ಒಂದು ಹೂವಿಗೆ ಎರಡು ಮೂರು ಕಾಳು ತೆಗೆಯುವವರಿಗೆ 35 ಅನ್ನೋ ಸಂಖ್ಯೆಯ ತೂಕ ಎಷ್ಟು ಅಂತ ಈಗ ಅರ್ಥ ಆಗುತ್ತೆ.

7. ಕಣ್ಣಿಗೆ ಕಾಣದ್ದನ್ನು ಎಣಿಸುವುದು

ಇಲ್ಲೇ ಇನ್ನೊಂದು ತೊಡಕು. ಒಂದು ಜೀನ್ ಇರುವ ಗಿಡವೂ ರೋಗ ತಡೆಯುತ್ತೆ, ಮೂರು ಇರುವ ಗಿಡವೂ ತಡೆಯುತ್ತೆ. ಹೊಲದಲ್ಲಿ ನಿಂತು ನೋಡಿದರೆ ಎರಡೂ ಹಸಿರು. ಪ್ಯಾರಲಲ್‌ನಲ್ಲಿ ಮೂರು ಸ್ವಿಚ್ ಇದ್ದಾಗ ಬಲ್ಬ್ ನೋಡಿ ಎಷ್ಟು ಸ್ವಿಚ್ ಆನ್ ಇದೆ ಹೇಳಿ ಅಂದ ಹಾಗೆ.

ಇದಕ್ಕೆ ಪರಿಹಾರ ಡಿಎನ್‌ಎ ಮಾರ್ಕರ್. ಬೇಕಾದ ಜೀನ್‌ನ ಪಕ್ಕದಲ್ಲೇ ಇರುವ, ಎರಡು ತಳಿಗಳಲ್ಲಿ ಬೇರೆ ಬೇರೆಯಾಗಿ ಕಾಣುವ ಒಂದು ಚಿಕ್ಕ ಡಿಎನ್‌ಎ ಗುರುತು. ಸಸಿ ಎರಡು ಎಲೆ ಬಿಟ್ಟಾಗಲೇ ಎಲೆಯ ಒಂದು ಚೂರು ತೆಗೆದು ಪಿಸಿಆರ್ ಮಾಡಿದರೆ, ಯಾವ ಜೀನ್ ಇದೆ, ಯಾವುದಿಲ್ಲ ಗೊತ್ತಾಗುತ್ತೆ. ರೋಗ ಬರೋವರೆಗೆ, ಮಳೆಗಾಲದವರೆಗೆ ಕಾಯಬೇಕಿಲ್ಲ. ಜೀನ್‌ನ ಎರಡೂ ಬದಿಗೆ ಗುರುತು ಇಟ್ಟುಕೊಂಡರೆ ಇನ್ನೊಂದು ಲಾಭ: ಬೇಕಾದ ಜೀನ್‌ಗೆ ಅಂಟಿಕೊಂಡು ಬರುವ ಬೇಡದ ಡಿಎನ್‌ಎ ತುಂಡನ್ನು ಆದಷ್ಟು ಚಿಕ್ಕದಾಗಿ ಕತ್ತರಿಸಿಕೊಂಡ ಗಿಡವನ್ನು ಆರಿಸಬಹುದು. ಇಳುವರಿ ಇಳಿಸುವ ಗುಣಗಳು ಎಷ್ಟೋ ಸಲ ಆ ತುಂಡಿನಲ್ಲೇ ಕೂತಿರುತ್ತವೆ.

8. ಲೆಕ್ಕ ಎರಡು: ಬೀಗ ಯಾಕೆ ಮುರಿಯುತ್ತೆ?

ಜೀನ್ ಸಿಕ್ಕಿತು, ತಳಿ ಬಂತು, ಕತೆ ಮುಗೀತು ಅಂದುಕೊಳ್ಳುವ ಹಾಗಿಲ್ಲ. ಗಿಡದ ಕಾವಲುಗಾರ ಗುರುತಿಸುವ ಆ ಒಂದು ಪ್ರೋಟೀನ್ ಅನ್ನು ಶಿಲೀಂಧ್ರ ಬದಲಿಸಿಬಿಟ್ಟರೆ ಕಾವಲುಗಾರ ಕುರುಡಾಗುತ್ತಾನೆ. ಬ್ರೆಜಿಲ್‌ಗೆ 2001ರಲ್ಲಿ ರೋಗ ಬಂತು. ಕೆಲವೇ ವರ್ಷಗಳಲ್ಲಿ ಆರ್‌ಪಿಪಿ1 ಮತ್ತು ಆರ್‌ಪಿಪಿ3 ಅಲ್ಲಿ ಕೆಲಸಕ್ಕೆ ಬಾರದಾದವು. ಅದಕ್ಕೂ ಮೊದಲು 1970ರ ದಶಕದಲ್ಲಿ ತೈವಾನ್‌ನಲ್ಲೂ ಹೊಲದಲ್ಲಿ ಚೆನ್ನಾಗಿ ತಡೆಯುತ್ತಿದ್ದ ಬೀಜಮೂಲಗಳು ಕೆಲವೇ ವರ್ಷದಲ್ಲಿ ಸೋತಿದ್ದವು.

ಒಂದು ಕಲ್ಪನೆಯ ಲೆಕ್ಕ ಮಾಡೋಣ. ಒಂದು ಬೀಗ ಮುರಿಯುವ ಬದಲಾವಣೆ ಹತ್ತು ಲಕ್ಷ ಬೀಜಾಣುಗಳಲ್ಲಿ ಒಂದಕ್ಕೆ ಇರುತ್ತೆ ಅಂದುಕೊಳ್ಳಿ. ಒಂದು ಜೀನ್ ಮಾತ್ರ ಇರುವ ತಳಿಯ ಮೇಲೆ ಹತ್ತು ಲಕ್ಷ ಬೀಜಾಣು ಬಿದ್ದರೆ ಸಾಕು, ಸರಾಸರಿ ಒಂದು ಒಳಗೆ ನುಗ್ಗುತ್ತೆ. ರೋಗ ಬಂದ ಹೊಲದಲ್ಲಿ ಹತ್ತು ಲಕ್ಷ ದೊಡ್ಡ ಸಂಖ್ಯೆಯೇ ಅಲ್ಲ.

ಮೂರು ಜೀನ್ ಒಟ್ಟಿಗೆ ಇದ್ದರೆ, ಒಂದೇ ಬೀಜಾಣುವಿನಲ್ಲಿ ಮೂರೂ ಬದಲಾವಣೆ ಒಟ್ಟಿಗೆ ಇರಬೇಕು. ಆಗ ಬೇಕಾದ ಬೀಜಾಣುಗಳು 1ರ ಮುಂದೆ 18 ಸೊನ್ನೆ.

ಈಗ ಮುಖ್ಯವಾದ ಪ್ರಶ್ನೆ. ಅದೇ ಮೂರು ಜೀನ್‌ಗಳನ್ನು ಒಂದೊಂದಾಗಿ ಮೂರು ಬೇರೆ ತಳಿಗಳಲ್ಲಿ, ಒಂದಾದ ಮೇಲೆ ಒಂದು ಬಿಡುಗಡೆ ಮಾಡಿದರೆ? ಶಿಲೀಂಧ್ರ ಮೊದಲು ಒಂದನ್ನು ಮುರಿದು ಹೆಚ್ಚುತ್ತೆ. ಹೆಚ್ಚಿದ್ದರಲ್ಲಿ ಒಂದು ಎರಡನೆಯದನ್ನು ಮುರಿಯುತ್ತೆ. ಆಮೇಲೆ ಮೂರನೆಯದು. ಒಟ್ಟು ಬೇಕಾದ್ದು ಹತ್ತು, ಹತ್ತು, ಹತ್ತು, ಅಂದ್ರೆ ಮೂವತ್ತು ಲಕ್ಷ. ಒಂದು ಕಡೆ ಗುಣಾಕಾರ, ಇನ್ನೊಂದು ಕಡೆ ಸಂಕಲನ! ಗೋಡೆಯನ್ನು ನಾವೇ ಮೆಟ್ಟಿಲು ಮಾಡಿ ಕೊಟ್ಟ ಹಾಗೆ.

ಇಲ್ಲಿ ಗಮನಿಸಬೇಕಾದ್ದು, ಒಬ್ಬ ರೈತ ಮೂರು ಜೀನ್‌ನ ತಳಿ ಬಿತ್ತಿ, ಪಕ್ಕದವರು ಅದೇ ಜೀನ್‌ಗಳ ಒಂಟಿ ತಳಿಗಳನ್ನು ಬಿತ್ತಿದರೆ ಮೆಟ್ಟಿಲು ಪಕ್ಕದ ಹೊಲದಲ್ಲೇ ತಯಾರಾಗುತ್ತೆ. ಒಂದು ನಿರೋಧಕ ಜೀನ್ ಅಂದ್ರೆ ಊರ ಕೆರೆಯ ಹಾಗೆ. ಎಲ್ಲರದ್ದು, ಆದರೆ ಒಬ್ಬರು ಕೆಡಿಸಿದರೂ ಎಲ್ಲರಿಗೂ ಕೆಡುತ್ತೆ. ಆ್ಯಂಟಿಬಯೋಟಿಕ್ ವಿಷಯದಲ್ಲಿ ವೈದ್ಯರು ಹೇಳೋದೂ ಇದನ್ನೇ.

9. ಪೂರ್ತಿ ತಡೆಯದಿದ್ದರೂ ಲಾಭ ಇದೆ

ಎಲ್ಲಾ ನಿರೋಧವೂ ಬೀಗದ ಹಾಗೆ ಇರಬೇಕಿಲ್ಲ. ಕೆಲವು ತಳಿಗಳಿಗೆ ರೋಗ ಬರುತ್ತೆ, ಆದರೆ ನಿಧಾನವಾಗಿ. ಮಚ್ಚೆ ಕಡಿಮೆ, ಪುಡಿ ಕಡಿಮೆ, ಪುಡಿ ಬರೋಕೆ ಹೆಚ್ಚು ದಿನ. ಇದಕ್ಕೆ ಒಂದು ಜೀನ್ ಅಲ್ಲ, ಹಲವು ಚಿಕ್ಕ ಚಿಕ್ಕ ಜೀನ್‌ಗಳು ಸೇರಿ ಕಾರಣ. ಇವನ್ನು ಮುರಿಯೋದು ಶಿಲೀಂಧ್ರಕ್ಕೂ ಕಷ್ಟ.

ಮತ್ತೆ ಒಂದು ಕಲ್ಪನೆಯ ಲೆಕ್ಕ. ಸಾಮಾನ್ಯ ತಳಿಯಲ್ಲಿ ಒಂದು ಮಚ್ಚೆಯಿಂದ 9 ದಿನಕ್ಕೆ 5 ಹೊಸ ಮಚ್ಚೆ ಆಗುತ್ತೆ ಅನ್ನಿ. 45 ದಿನದಲ್ಲಿ ಐದು ಸುತ್ತು. 5ರ ಐದನೇ ಘಾತ, 3125 ಮಚ್ಚೆ. ನಿಧಾನ ತಳಿಯಲ್ಲಿ ಸುತ್ತಿಗೆ 11 ದಿನ, ಹೊಸ ಮಚ್ಚೆ ಎರಡೂವರೆ. ಅದೇ 45 ದಿನದಲ್ಲಿ ನಾಲ್ಕು ಸುತ್ತು, ಸುಮಾರು 39 ಮಚ್ಚೆ. ಎಂಬತ್ತು ಪಟ್ಟು ವ್ಯತ್ಯಾಸ! ಯಾವ ಒಂದು ಅಂಶವೂ ದೊಡ್ಡದಾಗಿ ಬದಲಾಗಿಲ್ಲ. ಬಡ್ಡಿಯ ದರ ಸ್ವಲ್ಪ ಇಳಿದರೆ ಚಕ್ರಬಡ್ಡಿಯ ಮೊತ್ತ ಎಷ್ಟು ಇಳಿಯುತ್ತೆ ಅನ್ನೋದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ರೈತನಿಗೆ ಬೇಕಾದ್ದು ಕಾಳು ತುಂಬೋವರೆಗಿನ ಸಮಯ. ಅಷ್ಟು ದಿನ ಎಲೆ ಹಸಿರಾಗಿದ್ದರೆ ಸಾಕು.

10. ತೊಗರಿಯ ಸಹಾಯ

ಸೋಯಾಬೀನ್‌ನಲ್ಲೇ ಜೀನ್ ಸಾಲದಿದ್ದರೆ? ಈ ತುಕ್ಕು 150ಕ್ಕೂ ಹೆಚ್ಚು ದ್ವಿದಳ ಜಾತಿಯ ಗಿಡಗಳ ಮೇಲೆ ಬದುಕಬಲ್ಲದು. ಅಂದ್ರೆ ಅವುಗಳಲ್ಲೂ ಕೆಲವು ಇದರ ಜೊತೆ ಹೋರಾಡಿ ಕಲಿತಿರಬೇಕು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ವಿಜ್ಞಾನಿಗಳು ತೊಗರಿ ಗಿಡದಿಂದ ಒಂದು ನಿರೋಧಕ ಜೀನ್ ತೆಗೆದು ಸೋಯಾಬೀನ್‌ಗೆ ಸೇರಿಸಿದರು. ಆ ಸೋಯಾಬೀನ್ ಗಿಡಗಳು ತುಕ್ಕನ್ನು ಪೂರ್ತಿಯಾಗಿ ತಡೆದವು. ನಮ್ಮ ಕಲಬುರಗಿಯವರ ಬೇಳೆಯ ಗಿಡದ ಕುಟುಂಬದಿಂದ ಬಂದ ಬೀಗ! ತೊಗರಿ ಮತ್ತು ಸೋಯಾಬೀನ್ ಚಿಮಟದಿಂದ ಕೂಡಿಸಿದರೆ ಕೂಡಲ್ಲ, ಹಾಗಾಗಿ ಇದು ಜೀನ್ ಎಂಜಿನಿಯರಿಂಗ್ ದಾರಿ. ನಮ್ಮ ದೇಶದಲ್ಲಿ ಕುಲಾಂತರಿ ಸೋಯಾಬೀನ್ ಬೆಳೆಯಲು ಅನುಮತಿ ಇಲ್ಲ. ಆ ಚರ್ಚೆ ಬೇರೆಯದೇ ಲೇಖನ ಬೇಡುತ್ತೆ.

11. ಲ್ಯಾಬಿನಿಂದ ಹೊಲಕ್ಕೆ

ಹಾಗಾದರೆ ನಮ್ಮಲ್ಲಿ ಏನಾಗಿದೆ? ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇಸಿ 241778 ಎಂಬ ಹೊರದೇಶದ ನಿರೋಧಕ ಬೀಜಮೂಲವನ್ನು ಜೆಎಸ್ 335 ಜೊತೆ ಕೂಡಿಸಿ ಡಿಎಸ್‌ಬಿ 21 ಎಂಬ ತಳಿ ತಂದರು. ತುಕ್ಕು ನಿರೋಧಕ ಅಂತ ಉತ್ತರ ಕರ್ನಾಟಕದಲ್ಲಿ ಇದು ಹೆಸರು ಮಾಡಿದೆ. ಗಡಿಯಾಚೆ ಸಾಂಗಲಿ ಹತ್ತಿರದ ಕಸಬೆ ಡಿಗ್ರಜ್‌ನಿಂದ ಫುಲೆ ಅಗ್ರಣಿ, ಫುಲೆ ಸಂಗಮ ತಳಿಗಳು ಬಂದಿವೆ. ಕೃಷ್ಣಾ ಕಣಿವೆಯ ಎರಡೂ ಬದಿಯಲ್ಲಿ ಒಂದೇ ಶತ್ರು, ಒಂದೇ ಪ್ರಯತ್ನ.

ಆದರೆ ತಳಿ ಬಿಡುಗಡೆ ಆದ ದಿನವೇ ರೈತನಿಗೆ ಸಿಗಲ್ಲ. ಸೋಯಾಬೀನ್ ಬೀಜ ಒಂದು ಹಂಗಾಮಿಗೆ ಸುಮಾರು 16 ಪಟ್ಟು ಮಾತ್ರ ಹೆಚ್ಚುತ್ತೆ ಅಂತ ಲೆಕ್ಕ ಹಿಡಿಯುತ್ತಾರೆ. ವಿಜ್ಞಾನಿಗಳ ಕೈಯಲ್ಲಿರುವ ಬೀಜದಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ, ಆಮೇಲೆ ರೈತ ಸಂಪರ್ಕ ಕೇಂದ್ರ. ಎಕರೆಗೆ 25ರಿಂದ 30 ಕಿಲೋ ಬೀಜ ಬೇಕು. ಮೇಲೆ ಸೋಯಾಬೀನ್ ಬೀಜದ ಸಿಪ್ಪೆ ತೆಳು, ಮೂಟೆ ಎತ್ತಿ ಒಗೆದರೂ ಮೊಳಕೆ ಶಕ್ತಿ ಕೆಡುತ್ತೆ. ಜೂನ್‌ನಲ್ಲಿ ಕೇಂದ್ರದ ಮುಂದೆ ಬೀಜಕ್ಕೆ ಸಾಲು ನಿಲ್ಲುವುದರ ಹಿಂದೆ ಈ ಗಣಿತವೂ ಇದೆ.

ಒಳ್ಳೆಯ ಸುದ್ದಿ ಎಂದರೆ, ಇದು ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೈಬ್ರಿಡ್ ಅಲ್ಲ. ಒಮ್ಮೆ ಒಳ್ಳೆಯ ಬೀಜ ಸಿಕ್ಕರೆ ರೈತ ಅದನ್ನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದು, ಗುಣ ಹೋಗಲ್ಲ. ತನ್ನ ಬೀಜ ಉಳಿಸಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣೆ ಕಾಯಿದೆ ಕೊಡುತ್ತೆ. ಪ್ರತಿ ವರ್ಷ ಹೊಸದಾಗಿ ಮಾರೋಕೆ ಆಗದ ಬೀಜದಲ್ಲಿ ಕಂಪನಿಗಳಿಗೆ ಆಸಕ್ತಿ ಕಡಿಮೆ. ಅದಕ್ಕೇ ಇಂಥ ತಳಿಗಳಿಗೆ ಸರ್ಕಾರಿ ಕೃಷಿ ವಿಶ್ವವಿದ್ಯಾಲಯಗಳು ಇಷ್ಟು ಮುಖ್ಯ. ಅಲ್ಲಿನ ಸಂಶೋಧನೆಗೆ ಹಣ ನಿಂತರೆ ಮುಂದಿನ ಬೀಗ ಯಾರು ಮಾಡುತ್ತಾರೆ?

ಮುಂದಿನ ಬೀಗ ಬೇಕೇ ಬೇಕು, ಯಾಕೆಂದರೆ ಶಿಲೀಂಧ್ರದ ಕಡೆ ಕೆಲಸ ನಿಂತಿಲ್ಲ. ಸೇತುವೆ ಕಟ್ಟಿದರೆ ಗುರುತ್ವಾಕರ್ಷಣೆ ಮುಂದಿನ ವರ್ಷ ಹೊಸ ಉಪಾಯ ಹುಡುಕಿ ಬರಲ್ಲ. ತಳಿ ವಿಜ್ಞಾನಿಯ ಎದುರಾಳಿ ಹಾಗಲ್ಲ, ಅದು ಪ್ರತಿ ಮಳೆಗಾಲಕ್ಕೂ ಸ್ವಲ್ಪ ಬದಲಾಗಿ ಬರುತ್ತೆ. ನಮ್ಮ ವಿಷಯಗಳಲ್ಲಿ ಇದಕ್ಕೆ ತೀರ ಹತ್ತಿರದ್ದು ಸೈಬರ್ ಸೆಕ್ಯುರಿಟಿ. ಅಲ್ಲೂ ಇಲ್ಲೂ ಗೆದ್ದೆವು ಅನ್ನೋ ಮಾತಿಲ್ಲ, ಈ ವರ್ಷಕ್ಕೆ ಉಳಿದೆವು ಅನ್ನೋದೇ ಮಾತು. ಎಲೆ ಒದ್ದೆ ಇರುವ ಹೊತ್ತು ಅಳೆಯುವ ಸೆನ್ಸರ್, ಎಲೆಯ ಫೋಟೋದಲ್ಲಿ ಮಚ್ಚೆ ಎಣಿಸುವ ಪ್ರೋಗ್ರಾಂ, ರೋಗ ಮುನ್ಸೂಚನೆಯ ಮಾದರಿ, ಇವೆಲ್ಲ ನಮ್ಮಂಥವರು ಕೈ ಹಾಕಬಹುದಾದ ಕೆಲಸಗಳು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ನೆನಪಿರಲಿ.

ಅಭ್ಯಾಸಕ್ಕೆ

1. ದಾನಿ ತಳಿಯ ಪಾಲು ಸರಾಸರಿ ಶೇಕಡಾ ಒಂದಕ್ಕಿಂತ ಕಡಿಮೆ ಆಗಬೇಕಾದರೆ ಎಷ್ಟು ಬ್ಯಾಕ್‌ಕ್ರಾಸ್ ಬೇಕು?

2. ಆರ್‌ಪಿಪಿ1 ಮತ್ತು ಆರ್‌ಪಿಪಿ4 ಎರಡೂ 18ನೇ ವರ್ಣತಂತುವಿನಲ್ಲಿವೆ. ಎರಡೂ ಬೇರೆ ಬೇರೆ ದಾನಿ ತಳಿಗಳಿಂದ ಬಂದಿದ್ದರೆ, ಎರಡೂ ಇರುವ ಗಿಡ 4ಕ್ಕೆ 1 ಸಿಗುತ್ತೆ ಅಂತ ಹೇಳಬಹುದೇ? ಹೆಚ್ಚೋ, ಕಡಿಮೆಯೋ?

3. ಮೇಲಿನ ನಿಧಾನ ತುಕ್ಕಿನ ಲೆಕ್ಕದಲ್ಲಿ, ಸುತ್ತಿನ ದಿನ 9 ಇದ್ದಂತೆಯೇ ಇಟ್ಟು ಹೊಸ ಮಚ್ಚೆ ಮಾತ್ರ 5ರಿಂದ ಎರಡೂವರೆಗೆ ಇಳಿಸಿ. ಆಮೇಲೆ ಮಚ್ಚೆ 5 ಇಟ್ಟು ದಿನ ಮಾತ್ರ 11 ಮಾಡಿ. ಎರಡರಲ್ಲಿ ಯಾವುದರಿಂದ ಹೆಚ್ಚು ಲಾಭ?

ಉತ್ತರಗಳನ್ನು ಕನ್ನಡ ಸಂಘದ ಫಲಕದ ಹತ್ತಿರ ಸಿಕ್ಕಾಗ ಚರ್ಚಿಸೋಣ. ಎರಡನೆಯದಕ್ಕೆ ಜಗಳ ಆಗುವುದು ಖಂಡಿತ.